‘ಸ್ವಿಚ್ ಇಟ್ ಆಫ್’ ಎಂಬಲ್ಲಿನ ‘ಆಫ್’ ಉಪಸರ್ಗವೇ? ಹಾಗಾದರೆ ‘ಲುಕ್ ಅಟ್ ಇಟ್’ನ ‘ಅಟ್’ ಏನು?

ಬಲ್ಲವರಿಗೆಲ್ಲ ನಮಸ್ಕಾರ.

ದಾವಣಗೆರೆಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಪಿಯುಸಿ ಮತ್ತು ಪದವಿ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಹೆಚ್ಚಿನವರು ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಹಾಗಾಗಿ ವ್ಯಾಕರಣವನ್ನು ಕನ್ನಡದಲ್ಲೇ ಬಿಡಿಸಿ ಹೇಳುವುದು ನನ್ನ ರೂಢಿ. ಹೋದ ವಾರ ಆ ಕನ್ನಡದ ಮಾತೇ ನನಗೆ ಕೈಕೊಟ್ಟಿತು.

ತಲೆಯ ಮೇಲಿನ ಫ್ಯಾನು ಕಿರುಗುಟ್ಟುತ್ತಿತ್ತು. ಅದನ್ನು ನಿಲ್ಲಿಸಲು ಹೇಳುವ ವಾಕ್ಯ ಬರೆಯಿರಿ ಎಂದೆ. ಒಬ್ಬ ಹುಡುಗಿ ಹಲಗೆಯ ಹತ್ತಿರ ಬಂದು ‘ಸ್ವಿಚ್ ಆಫ್ ದ ಫ್ಯಾನ್’ ಎಂದು ಬರೆದಳು. ಸರಿ. ಅದರ ಕೆಳಗೆ ‘ಸ್ವಿಚ್ ಆಫ್ ಇಟ್’ ಎಂದು ಬರೆದಳು. ಇದು ತಪ್ಪು, ‘ಸ್ವಿಚ್ ಇಟ್ ಆಫ್’ ಆಗಬೇಕು ಎಂದೆ. ಅವಳು ಸೀಮೆಸುಣ್ಣ ಕೆಳಗಿಡಲಿಲ್ಲ. ಪಕ್ಕದಲ್ಲಿ ‘ಲುಕ್ ಅಟ್ ದ ಫ್ಯಾನ್’, ‘ಲುಕ್ ಅಟ್ ಇಟ್’ ಎಂದು ಬರೆದು ನನ್ನತ್ತ ತಿರುಗಿದಳು. “ಇದು ಸರಿ ತಾನೆ? ಆಫ್ ಕೂಡ ಉಪಸರ್ಗ, ಅಟ್ ಕೂಡ ಉಪಸರ್ಗ ಎಂದು ನೀವೇ ಹೇಳಿದ್ದೀರಿ. ಅಟ್ ಆದಮೇಲೆ ಇಟ್ ಬರಬಹುದಾದರೆ ಆಫ್ ಆದಮೇಲೆ ಏಕೆ ಬರಬಾರದು?”

ಕೇಳಿದ್ದು ನ್ಯಾಯವಾಗಿತ್ತು. ಎರಡು ಬೇರೆ ಬೇರೆ ಜಾತಿಯ ಪದಗಳಿಗೆ ಒಂದೇ ಹೆಸರಿಟ್ಟು ಕಲಿಸಿದವನು ನಾನು. ನಮ್ಮ ಮಕ್ಕಳ ಕೈಯಲ್ಲಿರುವ ಕೈಪಿಡಿಗಳೂ ಪ್ರಿಪೊಸಿಷನ್ ಎಂದರೆ ಉಪಸರ್ಗ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಈ ಎರಡು ಜಾತಿಗಳನ್ನು ಸುಲಭವಾಗಿ ಬೇರ್ಪಡಿಸಿ ತೋರಿಸುವುದು ಸರ್ವನಾಮ. ‘ಸ್ವಿಚ್ ದ ಫ್ಯಾನ್ ಆಫ್’ ಎಂದರೂ ನಡೆಯುತ್ತದೆ, ‘ಸ್ವಿಚ್ ಆಫ್ ದ ಫ್ಯಾನ್’ ಎಂದರೂ ನಡೆಯುತ್ತದೆ. ನಾಮಪದ ಕೊನೆಯಲ್ಲಿ ಇರುವಷ್ಟು ಹೊತ್ತು ವ್ಯತ್ಯಾಸ ಮುಚ್ಚಿಹೋಗಿರುತ್ತದೆ. ಅದರ ಜಾಗಕ್ಕೆ ಇಟ್, ಹಿಮ್, ದೆಮ್ ಬಂದ ಕೂಡಲೇ ಗುಟ್ಟು ಬಯಲಾಗುತ್ತದೆ. ಮರುದಿನ ನಾನು ಹಲಗೆಯ ಮೇಲೆ ಬರೆದದ್ದು ಎರಡು ವಾಕ್ಯ. ಒಬ್ಬಳು ಚಿತ್ರದುರ್ಗದ ಜೋಗಿಮಟ್ಟಿಯನ್ನು ಓಡುತ್ತಾ ಹತ್ತಿದಳು: ‘ಶಿ ರ‍್ಯಾನ್ ಅಪ್ ದ ಹಿಲ್’. ಇನ್ನೊಬ್ಬಳು ಬೆಣ್ಣೆದೋಸೆ ಅಂಗಡಿಯಲ್ಲಿ ಬಾಕಿ ಬೆಳೆಸಿದಳು: ‘ಶಿ ರ‍್ಯಾನ್ ಅಪ್ ಎ ಬಿಲ್’. ನೋಡಲು ಅವಳಿಜವಳಿ. ಸರ್ವನಾಮ ಹಾಕಿ ನೋಡಿ: ಬೆಟ್ಟವಾದರೆ ‘ರ‍್ಯಾನ್ ಅಪ್ ಇಟ್’, ಬಾಕಿಯಾದರೆ ‘ರ‍್ಯಾನ್ ಇಟ್ ಅಪ್’. ಮೊದಲ ‘ಅಪ್’ ಬೆಟ್ಟಕ್ಕೆ ಅಂಟಿಕೊಂಡಿದೆ, ಎರಡನೆಯದು ಕ್ರಿಯಾಪದಕ್ಕೆ ಅಂಟಿಕೊಂಡಿದೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಕ್ರಿಯಾಪದವೇ ಬೇಕಾಯಿತು.

ಎರಡೂ ಒಟ್ಟಿಗೆ ಬರುವ ವಾಕ್ಯವಂತೂ ಇನ್ನೂ ಸ್ಪಷ್ಟ: ‘ಹ್ಯಾಂಡ್ ಇಟ್ ಓವರ್ ಟು ಹಿಮ್’. ಅದನ್ನು ಅವನಿಗೆ ಒಪ್ಪಿಸು. ಇಟ್ ಎಂಬುದು ‘ಅದನ್ನು’ ಆಯಿತು. ಟು ಹಿಮ್ ಎಂಬುದು ‘ಅವನಿಗೆ’ ಆಯಿತು, ಅಂದರೆ ‘ಟು’ ನಮ್ಮ ಚತುರ್ಥಿಯ ‘ಗೆ’ ಪ್ರತ್ಯಯದ ಕೆಲಸ ಮಾಡಿತು. ‘ಓವರ್’ ಎಲ್ಲಿಗೆ ಹೋಯಿತು? ‘ಹ್ಯಾಂಡ್’ ಜೊತೆ ಸೇರಿ ‘ಒಪ್ಪಿಸು’ ಎಂಬುದರೊಳಗೆ ಕರಗಿಹೋಯಿತು.

ಇಲ್ಲಿಂದ ಮುಂದೆ ನನ್ನ ಸೂಚನೆ. ಉಪಸರ್ಗ ಎಂಬ ಹೆಸರನ್ನು ‘ಟು’, ‘ಅಟ್’ಗಳಿಂದ ಕಿತ್ತು, ‘ಓವರ್’, ‘ಆಫ್’ನಂಥವಕ್ಕೆ ಮಾತ್ರ ಕೊಡಬೇಕು. ಸಂಸ್ಕೃತದಲ್ಲಿ ಉಪಸರ್ಗ ಎಂದರೆ ಧಾತುವಿನ, ಅಂದರೆ ಕ್ರಿಯಾಪದದ ಮೂಲರೂಪದ, ಮೊದಲಿಗೆ ಸೇರುವ ಪ್ರ, ಆ, ಸಂ ಮುಂತಾದವು. ಉಪಸರ್ಗ ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ಸಂಸ್ಕೃತದ ಹಳೆಯ ಶ್ಲೋಕವೊಂದು ಹೇಳುತ್ತದೆ. ಒಂದೇ ‘ಹೃ’ ಧಾತುವಿನಿಂದ ಬಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಅದರ ಉದಾಹರಣೆಗಳು. ‘ಗಿವ್’ ಎಂದರೆ ಕೊಡು, ‘ಗಿವ್ ಅಪ್’ ಎಂದರೆ ಕೈಬಿಡು. ಇದಕ್ಕಿಂತ ಬಲವಂತ ಇನ್ನೇನಿದೆ? ಕ್ರಿಯಾಪದದಿಂದ ದೂರ ನಿಂತ ಪದವನ್ನು ಉಪಸರ್ಗ ಎನ್ನಬಹುದೇ ಎಂದು ಯಾರಾದರೂ ಕೇಳಬಹುದು. ವೇದದ ಭಾಷೆಯಲ್ಲಿ ಉಪಸರ್ಗ ಧಾತುವಿನ ನಂತರವೂ ಬರಬಹುದು, ನಡುವೆ ಬೇರೆ ಪದ ಇಟ್ಟುಕೊಂಡೂ ನಿಲ್ಲಬಹುದು ಎಂದು ಪಾಣಿನಿಯೇ ಸೂತ್ರ ಮಾಡಿದ್ದಾನೆ. ‘ಸ್ವಿಚ್ ಇಟ್ ಆಫ್’ ಮಾಡಿರುವುದು ಅದನ್ನೇ. ಇದು ಹೊಳೆದ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

‘ಟು’, ‘ಅಟ್’, ‘ಫ್ರಮ್’, ‘ವಿತ್’ಗಳಿಗೆ ‘ವಿಭಕ್ತಿಪದ’ ಎಂದರೆ ಹೇಗೆ? ನಮ್ಮಲ್ಲಿ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟುತ್ತದೆ, ಅವರಲ್ಲಿ ಬಿಡಿಪದವಾಗಿ ಮುಂದೆ ನಿಲ್ಲುತ್ತದೆ, ಕೆಲಸ ಒಂದೇ. ಇಂಗ್ಲಿಷ್ ಕ್ರಿಯಾಪದಗಳ ವಾಕ್ಯಮಾದರಿಗಳನ್ನು 1954ರಲ್ಲಿ 25 ಬಗೆಗಳಾಗಿ ವಿಂಗಡಿಸಿ ಕೊಟ್ಟ ಎ.ಎಸ್. ಹಾರ್ನ್‌ಬಿ ಕೂಡ ಈ ಎರಡನ್ನೂ ಬೇರೆಯಾಗಿಯೇ ಇಟ್ಟರು. ಅವರು ಬಹುಕಾಲ ಪಾಠ ಹೇಳಿದ್ದು ಜಪಾನಿನಲ್ಲಿ. ಜಪಾನಿ ಭಾಷೆಯಲ್ಲೂ ನಮ್ಮ ಹಾಗೆ ನಾಮಪದದ ಹಿಂದೆಯೇ ಸಂಬಂಧಸೂಚಕ, ಕೊನೆಗೆ ಕ್ರಿಯಾಪದ.

ತೊಡಕೂ ಇದೆ. ‘ಪುಟ್ ಅಪ್ ವಿತ್ ಇಟ್’ ಎಂಬಲ್ಲಿ ‘ಅಪ್’ ಉಪಸರ್ಗ, ‘ವಿತ್’ ವಿಭಕ್ತಿಪದ, ಹಾಗಾಗಿ ಇಟ್ ಕೊನೆಗೇ ಬರಬೇಕು. ಅಷ್ಟು ಸರಿ. ಆದರೆ ಕನ್ನಡದಲ್ಲಿ ‘ಅದನ್ನು ಸಹಿಸಿಕೋ’ ಎನ್ನುತ್ತೇವೆಯೇ ಹೊರತು ‘ಅದರೊಡನೆ’ ಎನ್ನುವುದಿಲ್ಲ. ಊರನ್ನು ಸೇರಿದನು, ಊರಿಗೆ ಸೇರಿದನು ಎಂಬಂತೆ ಇದನ್ನೂ ವಿಭಕ್ತಿಪಲ್ಲಟ (ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದು) ಎಂದು ಮಕ್ಕಳಿಗೆ ಹೇಳಿದ್ದೇನೆ. ಎರಡು ಭಾಷೆಗಳ ನಡುವಿನ ಪಲ್ಲಟಕ್ಕೂ ಆ ಮಾತು ಒಪ್ಪುತ್ತದೆಯೇ, ತಿಳಿದವರು ಹೇಳಬೇಕು.

ಇನ್ನೊಂದು ಸಂಗತಿಯನ್ನು ಮಕ್ಕಳೇ ಕಂಡುಹಿಡಿದರು. ‘ಗಿವ್ ಇಟ್ ಅಪ್’ ಎಂಬಲ್ಲಿ ಸರ್ವನಾಮ ನಡುವೆ ನುಗ್ಗಲೇಬೇಕು. ನಮ್ಮ ‘ಕೈಬಿಡು’ ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ‘ಅದನ್ನು ಕೈಬಿಟ್ಟರು’ ಸರಿ, ‘ಕೈ ಅದನ್ನು ಬಿಟ್ಟರು’ ಎಂದರೆ ಕನ್ನಡವೇ ಅಲ್ಲ. ನಾಮಪದ ಕ್ರಿಯಾಪದದೊಡನೆ ಬೆಸೆದು ಒಂದಾಗುವ ಇಂಥ ಕ್ರಿಯಾಸಮಾಸದ ಬಿಗಿ ಎಂಥದ್ದೆಂದು ಶಾಲೆಯಲ್ಲಿ ‘ಮೈದಡವು’, ‘ಕಣ್ತೆರೆ’ ಬಾಯಿಪಾಠ ಮಾಡಿದಾಗ ನನಗೂ ತಿಳಿದಿರಲಿಲ್ಲ.

ಕೊನೆಗೆ ನನ್ನ ಮುಖ್ಯ ಪ್ರಶ್ನೆಗಳು. ‘ವಿಭಕ್ತಿಪದ’ವನ್ನು ಇದೇ ಅರ್ಥದಲ್ಲಿ ಹಿಂದೆ ಯಾರಾದರೂ ಬಳಸಿದ್ದಾರೆಯೇ? ವಿಭಕ್ತಿ ಹತ್ತಿದ ನಾಮಪದ ಎಂಬ ಅರ್ಥದೊಡನೆ ಅದು ಗೊಂದಲವಾಗುತ್ತದೆಯೇ? ಚಿತ್ರದುರ್ಗ, ದಾವಣಗೆರೆ ಒಂದೇ ಜಿಲ್ಲೆಯಾಗಿದ್ದ ದಿನಗಳಲ್ಲಿ ಈ ಭಾಗದ ಹೈಸ್ಕೂಲುಗಳಲ್ಲಿ ಓದಿದ ಹಿರಿಯರು ಇಲ್ಲಿರಬಹುದು. ನಿಮ್ಮ ಮೇಷ್ಟರು ಈ ಎರಡು ಜಾತಿಯ ಪದಗಳಿಗೆ ಯಾವ ಹೆಸರು ಹೇಳುತ್ತಿದ್ದರು?

ಅದೇ ಹುಡುಗಿ ನಿನ್ನೆ ಇನ್ನೊಂದು ಕೇಳಿದ್ದಾಳೆ. ‘ಕಮ್ ಇನ್’ ಎಂಬಲ್ಲಿ ಕರ್ಮವೇ ಇಲ್ಲ, ಸರ್ವನಾಮ ಇಟ್ಟು ನೋಡಲು ಜಾಗವೂ ಇಲ್ಲ. ‘ಒಳಗೆ ಬಾ’ ಎಂದಾಗ ನಮ್ಮ ‘ಒಳಗೆ’ ಅವ್ಯಯ, ಅಂದರೆ ರೂಪ ಬದಲಾಗದ ಪದ. ಹಾಗಾದರೆ ಆ ‘ಇನ್’ ಉಪಸರ್ಗವೋ ಅವ್ಯಯವೋ? ಸೋಮವಾರ ಹೇಳುತ್ತೇನೆ ಎಂದಿದ್ದೇನೆ.