ಮಡಿಕೇರಿ ಮಳೇಲಿ ತಾತನ ರೇಡಿಯೋ, ಗ್ರಾಮಾಫೋನ್ ಪ್ಲೇಟು ಉಳಿಸೋದ್ ಹೇಗೆ?

ಕಾಫಿತೋಟ: ತಾತ ಕೂಡಿಟ್ಟ ವಾಲ್ವ್ (ಬಲ್ಬಿನಂಥ ಗಾಜಿನ ಟ್ಯೂಬ್) ರೇಡಿಯೋ, 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಪ್ಲೇಟು, ಕ್ಯಾಸೆಟ್ ಎಲ್ಲಾ ಅಟ್ಟದಲ್ಲಿವೆ, ಇಲ್ಲಿ ಮಳೆಗಾಲ ಗೊತ್ತಲ್ಲ, ಉಟ್ಟ ಬಟ್ಟೆಗೇ ಬೂಷ್ಟು ಹಿಡಿಯತ್ತೆ. ಮಕ್ಕಳ ಕಾಲಕ್ಕೂ ಉಳೀಬೇಕು, ಏನ್ಮಾಡ್ಲಿ?

ಹಳೇವಾಲ್ವ್: ಮೊದ್ಲು ಅಟ್ಟದಿಂದ ಇಳಿಸಿ ಸರ್. ರೇಡಿಯೋನ ಆಸೆಗೆ ಬಿದ್ದು ಪ್ಲಗ್ ಹಾಕ್ಬೇಡಿ, ವರ್ಷಗಟ್ಲೆ ಸುಮ್ನೆ ಬಿದ್ದಿದ್ರೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ಕರೆಂಟ್ ಹಿಡಿದಿಡೋ ಭಾಗ) ಕೆಟ್ಟಿರೋದೇ ಜಾಸ್ತಿ, ಟ್ರಾನ್ಸ್‌ಫಾರ್ಮರ್ರೂ ಸುಟ್ಟೋಗ್ಬೋದು. ರಿಪೇರಿ ಆದ್ಮೇಲೆ ಮೀಡಿಯಂ ವೇವ್ 612 ಕಿಲೋಹರ್ಟ್ಸಲ್ಲಿ ಬೆಂಗಳೂರು ಆಕಾಶವಾಣಿ ಹುಡುಕಿ, ಮಜಾ ಇರತ್ತೆ.

ವಿರಾಜಪೇಟೆ ಹುಡ್ಗಿ: ಆ ಪ್ಲೇಟು ಅರಗಿನದ್ದು, ಸ್ಪಿರಿಟಲ್ಲಿ ಒರೆಸಿದ್ರೆ ಕರಗತ್ತೆ! ಪೇರಿಸ್ದೆ ನಿಲ್ಲಿಸಿಡಿ. ಬೂಷ್ಟು ಹಿಡಿದ ಕ್ಯಾಸೆಟ್ ಕ್ಲೀನ್ ಮಾಡ್ದೆ ಹಾಕಿದ್ರೆ ಪ್ಲೇಯರಲ್ಲಿ ಟೇಪ್ ಓದೋ ಹೆಡ್ಡಿಗೂ ಅಂಟತ್ತೆ.

ಕಾಫಿತೋಟ: ಒಲೆ ಪಕ್ಕ ಇಟ್ರೆ ಒಣಗಲ್ವಾ?

ಹಳೇವಾಲ್ವ್: ಅಯ್ಯೋ ಬೇಡ, ಪ್ಲೇಟು ಸೊಟ್ಟಗಾಗತ್ತೆ. ಗಾಳಿಯಾಡದ ಡಬ್ಬಿ, ತೇವ ಹೀರೋ ಸಿಲಿಕಾ ಜೆಲ್ ಸಾಕು, ಕ್ಯಾಸೆಟ್ ಮಾತ್ರ ಬೇಗ ಡಿಜಿಟಲ್ ಮಾಡ್ಸಿ.