ವಿಂಡೋಸ್ 11 ಬರಲ್ಲ ಅಂದ್ರೆ ಹಳೇ ಲ್ಯಾಪ್‌ಟಾಪ್ ಗುಜರಿಗೇನಾ?

ತೋಟದಮನೆ, ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ಮನೇಲಿ 2014ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. 4ನೇ ಜೆನರೇಷನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ತೋಟದ ಲೆಕ್ಕ, ಅಡಿಕೆ ಮಂಡಿ ಪಟ್ಟಿ, ಸೊಸೈಟಿ ಸಾಲದ ಅರ್ಜಿ ಎಲ್ಲ ಅದರಲ್ಲೇ, ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಈಗ ವಿಪರೀತ ನಿಧಾನ. ಮಳೆ ಹಿಡಿದ ಮೇಲೆ ಕೆಲವು ಸಲ ಬರೀ ಬೀಪ್ ಹೊಡೆಯುತ್ತೆ, ಸ್ಕ್ರೀನ್ ಬರಲ್ಲ. ಅಂಗಡಿಯವರು ವಿಂಡೋಸ್ 11 ಇದಕ್ಕೆ ಹಾಕೋಕಾಗಲ್ಲ, ಹೊಸದು ತಗೊಳ್ಳಿ ಅಂತಿದಾರೆ. ಕೀಬೋರ್ಡು, ಡಿಸ್‌ಪ್ಲೇ ಎರಡೂ ಗಟ್ಟಿಮುಟ್ಟಾಗಿವೆ. ಏನಾದ್ರೂ ದಾರಿ ಇದೆಯಾ?

ದುರ್ಗಿಗುಡಿ ರಿಪೇರಿ, ಶಿವಮೊಗ್ಗ:
ದಯವಿಟ್ಟು ಎಸೀಬೇಡಿ ಸರ್. ವಿಂಡೋಸ್ 11 ಬರಲ್ಲ ಅನ್ನೋದು ನಿಜ. ಅದಕ್ಕೆ ಇಂಟೆಲ್ ಆದ್ರೆ 8ನೇ ಜೆನರೇಷನ್ ಮತ್ತು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅಷ್ಟಕ್ಕೆ ನಿಮ್ಮ ಬೋರ್ಡು, ಪ್ರೊಸೆಸರ್ ಏನೂ ಕೆಟ್ಟಿಲ್ಲ. ಓಡೋ ಯಂತ್ರವನ್ನ ಕಂಪನಿ ಕ್ಯಾಲೆಂಡರ್ ನೋಡಿ ಗುಜರಿಗೆ ಹಾಕಿ ಅನ್ನೋದು ನನಗೆ ಹೊಟ್ಟೆ ಉರಿಸುತ್ತೆ.

ಮೊದಲು ಬೀಪ್ ವಿಷಯ. ಅದು ಬಹುಪಾಲು ರ‍್ಯಾಮ್. ನಮ್ಮ ಕಡೆ ಥಂಡಿಗೆ ಮಳೆಗಾಲ ಪೂರ್ತಿ ಇದೇ ಕೇಸು ಬರುತ್ತೆ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಅಡಿಯ ಮುಚ್ಚಳ ಬಿಚ್ಚಿ. ರ‍್ಯಾಮಿನ ಎರಡೂ ಬದಿಯ ಕ್ಲಿಪ್ ಹೊರಕ್ಕೆ ಸರಿಸಿದ್ರೆ ಅದು ತಾನಾಗೇ ಓರೆಯಾಗಿ ಮೇಲೇಳುತ್ತೆ. ಬಂಗಾರದ ಬಣ್ಣದ ಅಂಚು ಮಂಕಾಗಿರುತ್ತೆ ನೋಡಿ, ಅದನ್ನ ಪೆನ್ಸಿಲ್ ರಬ್ಬರ್‌ನಲ್ಲಿ ಮೆತ್ತಗೆ ಉಜ್ಜಿ. ಪುಡಿಯನ್ನ ಒಣ ಬ್ರಷ್‌ನಲ್ಲಿ ತೆಗೀರಿ, ಬಾಯಲ್ಲಿ ಊದಬೇಡಿ, ಉಸಿರಿನ ತೇವ ಕೂರುತ್ತೆ. ಹಾಗೇ ಓರೆಯಾಗಿ ತೂರಿಸಿ ಟಕ್ ಅನ್ನೋವರೆಗೆ ಒತ್ತಿ.

ನಿಧಾನ ಆಗೋಕೆ ಕಾರಣ ತಿರುಗೋ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಅದು ತಿರುಗೋ ಭಾಗವೇ ಇಲ್ಲದ ಚಿಪ್ ಡಿಸ್ಕ್, ಇದೊಂದರಿಂದಲೇ ಬೇರೆ ಯಂತ್ರ ಅನ್ನಿಸುತ್ತೆ. ದುಡ್ಡು ಉಳಿದ್ರೆ ರ‍್ಯಾಮ್ 8 ಜಿಬಿಗೆ ಏರಿಸಿ. ಅಂಗಡೀಲಿ ಡಿಡಿಆರ್3ಎಲ್ ಅಂತಲೇ ಕೇಳಿ, ಡಿಡಿಆರ್4 ಕೂರಲ್ಲ. ಆಮೇಲೆ ವಿಂಡೋಸ್ ಬದಲು ಪುಕ್ಕಟೆ ಸಿಗೋ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಹಾಕೋ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಪ್ರಿಂಟರ್ ಪರೀಕ್ಷೆ ಮಾಡ್ಕೊಳ್ಳಿ.

ಸಾಗರದ ಮೇಷ್ಟ್ರು:
ಮೇಲಿನವರು ಹೇಳಿದ್ದಕ್ಕೆ ನನ್ನದೂ ಸಹಮತ, ಆದರೆ ನುಡಿ ಕಡತಗಳ ಬಗ್ಗೆ ಎಚ್ಚರ. ಹಳೇ ನುಡಿ ಫಾಂಟಿನಲ್ಲಿ ಬರೆದದ್ದು ಲಿನಕ್ಸಿನಲ್ಲಿ ಗಜಿಬಿಜಿ ಅಕ್ಷರವಾಗಿ ಕಾಣುತ್ತೆ. ವಿಂಡೋಸ್ ಇರುವಾಗಲೇ ಪರಿವರ್ತಕ ಬಳಸಿ ಯುನಿಕೋಡ್ (ಎಲ್ಲ ಯಂತ್ರದಲ್ಲೂ ಓದಲು ಬರುವ ಅಕ್ಷರ ಸಂಕೇತ) ಮಾಡಿಟ್ಟುಕೊಳ್ಳಿ. ಒತ್ತಕ್ಷರ, ಅರ್ಕಾವೊತ್ತು, ಅಂಕಿ ಒಮ್ಮೆ ಓದಿ ನೋಡಿ. ಟೈಪಿಂಗಿಗೆ ತೊಂದರೆಯಿಲ್ಲ, ಮಿಂಟಿನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ನುಡಿಯಲ್ಲಿರುವ ಅದೇ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತೆ, ಬೆರಳಿನ ಅಭ್ಯಾಸ ಬದಲಾಗಲ್ಲ. ಎಕ್ಸೆಲ್ ಲೆಕ್ಕ ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ತಂತ್ರಾಂಶದಲ್ಲಿ ತೆರೆಯುತ್ತೆ.

ಗುಡುಗು ಶುರುವಾದರೆ ಚಾರ್ಜರ್ ಜೊತೆ ಇಂಟರ್ನೆಟ್ ವೈರನ್ನೂ ಕಿತ್ತಿಡಿ. ಸಿಡಿಲಿನ ಕರೆಂಟು ಆ ವೈರಿನಲ್ಲೂ ನುಗ್ಗುತ್ತೆ.

ತೋಟದಮನೆ, ತೀರ್ಥಹಳ್ಳಿ:
ಉಜ್ಜಿದೆ, ಸ್ಕ್ರೀನ್ ಬಂತು! ತುಂಬಾ ಉಪಕಾರ ಆಯ್ತು. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹಳೇ ಡಿಸ್ಕ್ ಏನು ಮಾಡೋದು?

ದುರ್ಗಿಗುಡಿ ರಿಪೇರಿ, ಶಿವಮೊಗ್ಗ:
ಯುಎಸ್‌ಬಿ ಕೇಸಿಂಗ್ ಸಿಗುತ್ತೆ, ಅದರೊಳಗೆ ಹಾಕಿದ್ರೆ ಹೊರಗಿನ ಡಿಸ್ಕ್ ಆಗುತ್ತೆ. ಅದೊಂದನ್ನೇ ನಂಬಬೇಡಿ, ಮಂಡಿ ಪಟ್ಟಿ ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇರಲಿ. ಬ್ಯಾಟರಿ ಉಬ್ಬಿದ್ರೆ ಮಾತ್ರ ಅದನ್ನ ತಕ್ಷಣ ತೆಗೆದಿಡಿ, ಚುಚ್ಚೋದು, ಒಲೆಗೆ ಹಾಕೋದು ಖಂಡಿತ ಬೇಡ. ಶಿವಮೊಗ್ಗಕ್ಕೆ ಬಂದಾಗ ಲ್ಯಾಪ್‌ಟಾಪ್ ತನ್ನಿ, ಫ್ಯಾನಿನ ಧೂಳು ತೆಗೆದು ಪ್ರೊಸೆಸರ್ ಮೇಲಿನ ಬಿಸಿ ಸಾಗಿಸೋ ಪೇಸ್ಟ್ ಬದಲಾಯಿಸೋಣ.