ಪದಚರ್ಚೆ: ನೆಟ್‌ವರ್ಕ್ ಕೇಬಲ್‌ನಲ್ಲಿ ಹರಿಯುವ ವಿದ್ಯುತ್ತಿಗೆ ಏನೆನ್ನಬೇಕು?

ಹುಬ್ಬಳ್ಳಿ, ವಿದ್ಯಾನಗರದಿಂದ:

ಬಳಗದ ಹಿರಿಯರಿಗೆ ನಮಸ್ಕಾರ. ನಾಳೆ ಸಂಜೆಯೊಳಗೆ ಮುದ್ರಣಾಲಯಕ್ಕೆ ಕೊಡಬೇಕಾದ ಒಂದು ಪದಕ್ಕಾಗಿ ಕೇಳುತ್ತಿದ್ದೇನೆ. ಪ್ರೌಢಶಾಲೆಯ ಮಕ್ಕಳಿಗಾಗಿ ಎಲೆಕ್ಟ್ರಾನಿಕ್ಸ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಪ್ರಯೋಗಶಾಲೆಯ ಗೋಡೆಗೊಂದು ಫಲಕವೂ ಅಚ್ಚಾಗಬೇಕು. ಮಳೆ, ಉಷ್ಣತೆ ಅಳೆಯುವ ಪುಟ್ಟ ಸಾಧನವೊಂದನ್ನು ಮಕ್ಕಳು ಮಾಳಿಗೆಯ ಮೇಲೆ ಇಡುತ್ತಾರೆ. ಅಲ್ಲಿ ಪ್ಲಗ್ ಇಲ್ಲ. ಕೆಳಗಿನ ಕೋಣೆಯಿಂದ ಹೋಗುವ ಒಂದೇ ನೆಟ್‌ವರ್ಕ್ ಕೇಬಲ್ ಮಾಹಿತಿಯನ್ನೂ ವಿದ್ಯುತ್ತನ್ನೂ ಒಯ್ಯುತ್ತದೆ. ಇಂಗ್ಲಿಷಿನಲ್ಲಿ ಇದು ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿಒಇ. ಸದ್ಯಕ್ಕೆ ‘ಈಥರ್ನೆಟ್ ಮೇಲೆ ವಿದ್ಯುತ್’ ಎಂದು ಬರೆದಿದ್ದೇನೆ. ಕೇಬಲ್ಲಿನ ಮೇಲೆ ಏನನ್ನೋ ಇಟ್ಟಂತೆ ಕೇಳಿಸುತ್ತದೆ. ಇದರಲ್ಲಿ ಸ್ಟ್ಯಾಂಡರ್ಡ್, ಪ್ಯಾಸಿವ್ ಎಂದು ಎರಡು ಬಗೆ. ಅವಕ್ಕೆ ‘ಪ್ರಮಾಣಿತ’, ‘ನಿಷ್ಕ್ರಿಯ’ ಎಂದು ಹಾಕಿದ್ದೇನೆ. ಕೇಬಲ್ಲಿಗೆ ವಿದ್ಯುತ್ ಸೇರಿಸುವ ಇಂಜೆಕ್ಟರ್, ಆ ತುದಿಯಲ್ಲಿ ಅದನ್ನು ಬೇರ್ಪಡಿಸುವ ಸ್ಪ್ಲಿಟರ್ ಎಂಬ ಎರಡು ಡಬ್ಬಿಗಳಿಗೂ ಹೆಸರು ಬೇಕು.

ಧಾರವಾಡ, ಮಾಳಮಡ್ಡಿಯಿಂದ:

ವಿದ್ಯುಜ್ಜಾಲ. ಶ್ಚುತ್ವ ಸಂಧಿ. ಬೇರೆ ಹುಡುಕಾಟ ಅನವಶ್ಯಕ.

ಹಾವೇರಿಯಿಂದ:

ವಿದ್ಯುಜ್ಜಾಲವೆಂದರೆ ಊರೂರಿಗೆ ಕರೆಂಟು ಹಂಚುವ ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಜಾಲ. ಆ ಪದಕ್ಕೆ ಈಗಾಗಲೇ ಕೆಲಸವಿದೆ ಮಾಸ್ತರೇ. ‘ಬಲೆಮಿಂಚು’ ಎನ್ನಿರಿ. ಬಲೆಯೂ ನಮ್ಮದು, ಮಿಂಚೂ ನಮ್ಮದು. ಇಮೇಲಿಗೆ ಮಿಂಚಂಚೆ, ಇಂಟರ್ನೆಟ್ಟಿಗೆ ಮಿಂಬಲೆ ಎಂದು ಬರೆಯುವವರು ಇದ್ದಾರೆ, ಓದುವವರೂ ಇದ್ದಾರೆ. ‘ಜಾಲಮಿಂಚು’ ಮಾತ್ರ ಮಾಡಬೇಡಿರಿ. ಅದು ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆಸಿದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲಿಯೇ ಎಚ್ಚರಿಸಿದ್ದಾನೆ.

ಧಾರವಾಡ, ಮಾಳಮಡ್ಡಿಯಿಂದ:

ವಿದ್ಯುಜ್ಜಾಲವನ್ನು ಹಿಂತೆಗೆದುಕೊಳ್ಳುತ್ತೇನೆ. ಬಲೆಮಿಂಚು ಅದಕ್ಕಿಂತ ಕೆಟ್ಟದ್ದು. ಕೇಬಲ್ ಮಾಳಿಗೆಗೆ ಹೋಗುತ್ತಿದೆ. ಮಾಳಿಗೆಯ ಕೇಬಲ್ಲಿಗೆ ಆಕಾಶದ ಮಿಂಚಿನ ಭಯ ಇದ್ದೇ ಇದೆ. ಕೈಪಿಡಿಯಲ್ಲಿ ಆ ಎಚ್ಚರಿಕೆಯೂ ಬರಲೇಬೇಕು. ‘ಮಿಂಚಿನಿಂದ ಸಾಧನವನ್ನು ಕಾಪಾಡಿ’ ಎಂದು ಬರೆದಾಗ ಮಗು ಯಾವ ಮಿಂಚು ಎಂದು ತಿಳಿಯಬೇಕು?

ನನ್ನ ಮನಸ್ಸು ‘ತಂತಿ’ಯ ಕಡೆಗೆ ಹೋಗುತ್ತಿದೆ. ಸಂಸ್ಕೃತದ ತಂತ್ರಿಯ ತದ್ಭವ. ವೀಣೆಯ ತಂತಿಯಾಗಿ ನಾದ ಒಯ್ದಿತು. ಟೆಲಿಗ್ರಾಂ ಬಂದಾಗ ಸುದ್ದಿಗೇ ‘ತಂತಿ’ ಎಂದು ಹೆಸರಾಯಿತು. 2013ರ ಜುಲೈನಲ್ಲಿ ಆ ಸೇವೆ ನಿಲ್ಲುವವರೆಗೂ ‘ತಂತಿ ಬಂತು’ ಎಂದರೆ ಮನೆಯವರ ಎದೆ ಹೊಡೆದುಕೊಳ್ಳುತ್ತಿತ್ತು. ಬಳಿಕ ಅದೇ ಪದ ಕಂಬದ ಕರೆಂಟಿಗೂ ಸಂದಿತು. ಸುದ್ದಿಯನ್ನೂ ಶಕ್ತಿಯನ್ನೂ ಹೊತ್ತ ಪದ ಕನ್ನಡದಲ್ಲಿ ಇದೊಂದೇ. ‘ತಂತಿವಿದ್ಯುತ್’ ಎಂದರೆ ಸಾಕು.

ಹಾವೇರಿಯಿಂದ:

ತಂತಿ ತದ್ಭವ, ವಿದ್ಯುತ್ ತತ್ಸಮ. ಮತ್ತೆ ಅರಿಸಮಾಸ. ಅಲ್ಲದೆ ಎಲ್ಲ ವಿದ್ಯುತ್ತೂ ತಂತಿಯಲ್ಲಿಯೇ ಬರುತ್ತದೆ.

ಗದಗದಿಂದ:

ಹೆಸರಿನ ಜಗಳ ಆಮೇಲೆ ನಡೆಯಲಿ. ಅಕ್ಕಾವರೇ, ಮೊದಲು ಆ ‘ನಿಷ್ಕ್ರಿಯ’ವನ್ನು ಹೊಡೆದುಹಾಕಿರಿ. ಹಿರಿಯರೆಲ್ಲ ಸಂಧಿ ಸಮಾಸ ನೋಡುತ್ತಿದ್ದಾರೆ. ಇದರ ಅಪಾಯ ಯಾರ ಕಣ್ಣಿಗೂ ಬೀಳದಿರುವುದು ನನಗೆ ಆಶ್ಚರ್ಯ.

ಪ್ರಮಾಣಿತ ಬಗೆಯಲ್ಲಿ, ಅಂದರೆ 2003ರ 802.3ಎಎಫ್ ಎಂಬ ತಾಂತ್ರಿಕ ಮಾನದಂಡ ಮತ್ತು ಅದರ ನಂತರದವುಗಳಲ್ಲಿ, ವಿದ್ಯುತ್ ಕೊಡುವ ತುದಿ ಮೊದಲು ಸುಮಾರು 10 ವೋಲ್ಟ್‌ನೊಳಗಿನ ಸಣ್ಣ ಒತ್ತಡ ಹಾಕಿ, ಆ ಕಡೆ 25 ಕಿಲೋ ಓಮ್‌ನಷ್ಟು ರೋಧ ಇದೆಯೇ ಎಂದು ನೋಡುತ್ತದೆ. ಇದ್ದರೆ ಮಾತ್ರ 44ರಿಂದ 57 ವೋಲ್ಟ್ ಬಿಡುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಪ್ಯಾಸಿವ್‌ನಲ್ಲಿ ಈ ವಿಚಾರಣೆಯೇ ಇಲ್ಲ. ಸಾಮಾನ್ಯವಾಗಿ 4, 5ನೆಯ ಎಳೆಗಳಲ್ಲಿ ಧನ, 7, 8ರಲ್ಲಿ ಋಣ. 24 ಅಥವಾ 48 ವೋಲ್ಟ್ ಯಾವಾಗಲೂ ನಿಂತಿರುತ್ತದೆ. ಎದುರಿಗೆ ಯಾರಿದ್ದಾರೆಂದು ಕೇಳುವುದಿಲ್ಲ. ಅನೇಕ ಸಾಧನಗಳ ಪೋರ್ಟ್‌ನಲ್ಲಿ ಬಳಕೆಯಾಗದ ಈ ಎಳೆಗಳಿಗೆ 75 ಓಮ್‌ನ ಚಿಕ್ಕ ರೋಧಕಗಳನ್ನು ಕೂಡಿಸಿರುತ್ತಾರೆ. ಎರಡು ರೋಧಕ ಸೇರಿ 150 ಓಮ್, ಅದರ ಮೇಲೆ 48 ವೋಲ್ಟ್ ಬಿದ್ದರೆ 15 ವಾಟ್ ಶಾಖ. ಅಷ್ಟು ಸಣ್ಣ ರೋಧಕ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಈಗ ‘ನಿಷ್ಕ್ರಿಯ’ ಎಂಬುದನ್ನು ಮಗು ಹೇಗೆ ಓದುತ್ತದೆ? ಕೆಲಸ ಮಾಡದ್ದು, ಜೀವವಿಲ್ಲದ್ದು ಎಂದು. ಸದಾ ವಿದ್ಯುತ್ ಇರುವ ಪೋರ್ಟಿಗೆ ವಿದ್ಯುತ್ ಇಲ್ಲವೆಂಬ ಹೆಸರು! ‘ವಿಚಾರಿಸಿ ಕೊಡುವ’, ‘ವಿಚಾರಿಸದೆ ಕೊಡುವ’ ಎಂದು ಎರಡು ಬಗೆಗೆ ಹೆಸರಿಡಿರಿ. ಇಂಜೆಕ್ಟರಿಗೆ ‘ಸೇರಿಸುವ ಡಬ್ಬಿ’, ಸ್ಪ್ಲಿಟರಿಗೆ ‘ಬೇರ್ಪಡಿಸುವ ಡಬ್ಬಿ’. ಚುಚ್ಚುಮದ್ದಿನ ಕಡೆಗೆ ದಯವಿಟ್ಟು ಹೋಗಬೇಡಿರಿ.

ಹಾವೇರಿಯವರಿಗೆ ಒಂದು ಮಾತು. ನಮ್ಮ ಭಾಗಕ್ಕೆ ಕರೆಂಟು ಕೊಡುವ ಸಂಸ್ಥೆಯ ಹೆಸರು ‘ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ’. ವಿದ್ಯುತ್ ಸಂಸ್ಕೃತ, ಸರಬರಾಜು ಪಾರಸಿ, ಕಂಪನಿ ಇಂಗ್ಲಿಷ್. ಬಿಲ್ಲು ಓದುವಾಗ ಯಾರೂ ಎಡವಿಲ್ಲ.

ಹಾವೇರಿಯಿಂದ:

ಎಡವದಿರುವುದು ರೂಢಿಯಿಂದ, ಪದದ ಗುಣದಿಂದಲ್ಲ. ಸರ್ಕಾರ ಇಟ್ಟ ಹೆಸರನ್ನು ಆದರ್ಶವೆಂದು ತೋರಿಸಬೇಡಿರಿ. ಪ್ರತಿ ಸಲವೂ ‘ರೂಢಿಯಾಗಿದೆ’ ಎಂದು ಬಾಗಿಲು ತೆರೆದರೆ, ಹೊಸದೊಂದನ್ನು ಹೆಸರಿಸುವ ಶಕ್ತಿ ಕನ್ನಡಕ್ಕೆ ಬರುವುದು ಯಾವಾಗ?

ಧಾರವಾಡ, ಸಾಧನಕೇರಿಯಿಂದ:

ಶಕ್ತಿ ಇದೆ ಅಣ್ಣಾವರೇ, ಪದಗಳು ತಮ್ಮ ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ. ನಮ್ಮೂರಿನ ಪ್ರಸಾರ ಕೇಂದ್ರ 1950ರಲ್ಲಿ ಆರಂಭವಾಯಿತು. ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ನಿಂತಿತು. ಅದು ಬಿತ್ತರಿಸಿದ ನಾಟಕ ‘ಬಾನುಲಿ ನಾಟಕ’ವಾಯಿತು. ಮೇಜಿನ ಮೇಲಿನ ಪೆಟ್ಟಿಗೆ ಮಾತ್ರ ರೇಡಿಯೋ ಆಗಿಯೇ ಉಳಿಯಿತು. ‘ಆಕಾಶವಾಣಿಯ ಸೆಲ್ ಮುಗಿದಿದೆ’ ಎಂದು ಯಾರೂ ಹೇಳಲಿಲ್ಲ. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಬದುಕಿದವು. ಕೈಯಲ್ಲಿ ಹಿಡಿಯುವ ವಸ್ತುವಿಗೆ ಅಂಗಡಿಯ ಹೆಸರೇ ಅಂಟುತ್ತದೆ. ಹಾಗಾಗಿ ಕೇಬಲ್, ಪೋರ್ಟ್ ಎಂಬುವುಗಳನ್ನು ಮುಟ್ಟಬೇಡಿರಿ. ಅದರೊಳಗೆ ನಡೆಯುವ ಕೆಲಸಕ್ಕೆ ಕನ್ನಡದ ಕ್ರಿಯಾಪದ ಕೊಡಿರಿ. ಒಳಗಿನ ಹೊಸೆದ ಎಳೆಗಳಿಗೆ ‘ಹುರಿಜೋಡಿ’ ಎನ್ನಬಹುದು. ಹಗ್ಗ ಹುರಿ ಮಾಡಿದವರ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ.

ಧಾರವಾಡ, ಮಾಳಮಡ್ಡಿಯಿಂದ:

ಹುರಿಜೋಡಿ ಚೆನ್ನಾಗಿದೆ. ಫಲಕದಲ್ಲಿ ‘ಅಲ್ಪ ವಿದ್ಯುತ್’ ಎಂದು ಸೇರಿಸಿದರೆ ಮಕ್ಕಳ ಹೆದರಿಕೆ ಕಡಿಮೆಯಾದೀತು.

ಗದಗದಿಂದ:

ಬೇಡ ಮಾಸ್ತರೇ. ವೋಲ್ಟ್‌ನ ಅಂಕಿಯನ್ನೇ ಬರೆಯಬೇಕು. 12 ವೋಲ್ಟ್‌ನಲ್ಲಿ 1 ಆಂಪಿಯರ್ ಕಳಿಸಿದರೆ, ಜೋಡಿ ಎಳೆಗಳನ್ನು ಒಂದುಗೂಡಿಸಿದರೂ 30 ಮೀಟರ್ ತಾಮ್ರದ ಕೇಬಲ್ಲಿನಲ್ಲಿ ಸುಮಾರು 2.5 ವೋಲ್ಟ್ ದಾರಿಯಲ್ಲಿಯೇ ಸೋರುತ್ತದೆ. ಅದೇ 12 ವಾಟನ್ನು 48 ವೋಲ್ಟ್‌ನಲ್ಲಿ ಕಳಿಸಿದರೆ ಸೋರಿಕೆ 0.6 ವೋಲ್ಟ್‌ನ ಆಸುಪಾಸು. ಅದಕ್ಕೇ 48. ಮಾಳಿಗೆಯಲ್ಲಿ ಅದನ್ನು 5 ವೋಲ್ಟ್‌ಗೆ ಇಳಿಸಿಯೇ ಸಾಧನಕ್ಕೆ ಕೊಡಬೇಕು. ‘ಅಲ್ಪ’ ಎಂದು ಓದಿದ ಹುಡುಗ ನೇರವಾಗಿ ಜೋಡಿಸುತ್ತಾನೆ.

ಹುಬ್ಬಳ್ಳಿ, ವಿದ್ಯಾನಗರದಿಂದ:

ಎಲ್ಲರಿಗೂ ವಂದನೆ. ನಮ್ಮ ಪ್ರಯೋಗಶಾಲೆಯದು ವಿಚಾರಿಸದೆ ಕೊಡುವ ಬಗೆ, ಹಾಗಾಗಿ ಫಲಕಕ್ಕೆ ಹೀಗೆ ಕೊಡುತ್ತಿದ್ದೇನೆ: ‘ಎಚ್ಚರಿಕೆ. ಈ ಪೋರ್ಟ್‌ನಲ್ಲಿ ಸದಾ 48 ವೋಲ್ಟ್ ಇದೆ. ಲ್ಯಾಪ್‌ಟಾಪ್ ಜೋಡಿಸಬೇಡಿ.’ ಕೈಪಿಡಿಯ ಅಧ್ಯಾಯಕ್ಕೆ ‘ಕೇಬಲ್ ಒಂದೇ: ಮಾಹಿತಿಯೂ ಹರಿಯುತ್ತದೆ, ವಿದ್ಯುತ್ತೂ ಹರಿಯುತ್ತದೆ’ ಎಂಬ ತಲೆಬರಹ. ಒಳಗೆ ಪಿಒಇ ಎಂದೇ ಇರುತ್ತದೆ. ವಿಚಾರಿಸಿ ಕೊಡುವ, ವಿಚಾರಿಸದೆ ಕೊಡುವ ಎಂಬ ಎರಡು ಬಗೆ, ಹುರಿಜೋಡಿ, ಎರಡು ಡಬ್ಬಿಗಳ ಹೆಸರುಗಳೂ ಇರುತ್ತವೆ.

ಹಾವೇರಿಯಿಂದ:

ಪಿಒಇಗೆ ನನ್ನ ವಿರೋಧವಿದೆ, ದಾಖಲಾಗಲಿ. ಎರಡನೆಯ ಮುದ್ರಣಕ್ಕೆ ಮುಂಚೆ ಒಂದು ಒಳ್ಳೆಯ ಪದ ಕಳಿಸುತ್ತೇನೆ. ‘ವಿಚಾರಿಸದೆ ಕೊಡುವ’ ಎಂಬುದನ್ನು ಮಾತ್ರ ಆಗಲೂ ಬದಲಿಸಬೇಡಿರಿ.